ನಿರಾಕೃತ ಪ್ರೇಮದ ನುಡಿ: ಇಂಗ್ಲಿಷ್ ಸ್ಲ್ಯಾಂಗಿನಲ್ಲಿ ಕರ್ತೃ, ಕರ್ಮ ಮತ್ತು ಮೌನ

1. ಪ್ರಸ್ತಾವನೆ

ವಿರಹವನ್ನು ಕುರಿತ ಶಿಷ್ಟ ಪರಿಭಾಷೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಬಹಳ ಹಿಂದೆಯೇ ರೂಪುಗೊಂಡಿದೆ. ಭರತನ ನಾಟ್ಯಶಾಸ್ತ್ರವು ಹೇಳುವ ಅಷ್ಟನಾಯಿಕೆಯರಲ್ಲಿ ಸಂಕೇತಸ್ಥಳಕ್ಕೆ ಪ್ರಿಯನು ಬಾರದೆ ವಂಚಿತಳಾದವಳು ವಿಪ್ರಲಬ್ಧೆ. ಜಗಳವಾಡಿ ಪ್ರಿಯನನ್ನು ದೂರಮಾಡಿ ಅನಂತರ ಪರಿತಪಿಸುವವಳು ಕಲಹಾಂತರಿತೆ. ಪ್ರಿಯನು ಅನ್ಯಳೊಡನೆ ರಾತ್ರಿ ಕಳೆದು ಬಂದುದನ್ನು ಅರಿತು ಕೆರಳಿದವಳು ಖಂಡಿತೆ. ಈ ಪರಿಭಾಷೆಯ ಹಿಂದೆ ಒಂದು ಗೃಹೀತವಿದೆ: ಅಗಲಿಕೆ ತಾತ್ಕಾಲಿಕ, ಪ್ರಿಯನು ಮರಳಿ ಬರುವ ಸಾಧ್ಯತೆ ಉಳಿದೇ ಇದೆ. ವಿಪ್ರಲಂಭವು ಶೃಂಗಾರದ ಒಂದು ಭೇದವೆನಿಸಿಕೊಳ್ಳುವುದು ಈ ಕಾರಣದಿಂದಲೇ.

ಇಂಗ್ಲಿಷಿನ ಆಡುಮಾತಿನಲ್ಲಿ ಪ್ರೇಮಭಂಗವನ್ನು ಹೇಳುವ ಪದಸಮೂಹವು ಈ ಸಾಧ್ಯತೆ ಮುಗಿದ ಮೇಲೆ ಆರಂಭವಾಗುತ್ತದೆ. ಮರಳಿ ಬಾರದವರನ್ನು, ಒಲ್ಲೆನೆಂದವರನ್ನು, ಹೇಳದೆ ಹೋದವರನ್ನು ಹೆಸರಿಸುವ ನೂರಾರು ಮಾತುಗಳು ಆ ಭಾಷೆಯಲ್ಲಿ ಸುಮಾರು ನಾಲ್ಕು ಶತಮಾನಗಳಿಂದ ಹುಟ್ಟುತ್ತ, ಸಾಯುತ್ತ ಬಂದಿವೆ. 'ಸ್ಲ್ಯಾಂಗ್' ಎಂಬ ಪದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ 'ಗ್ರಾಮ್ಯ', 'ಅಶಿಷ್ಟ ಪ್ರಯೋಗ' ಎಂಬ ಪರ್ಯಾಯಗಳು ವಿವರಣೆಗಿಂತ ಹೆಚ್ಚಾಗಿ ತೀರ್ಪನ್ನೇ ಕೊಡುವುದರಿಂದ, ಇಲ್ಲಿ ಮೂಲ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಇಂಥ ಪದಗಳನ್ನು ಸಾಮಾನ್ಯವಾಗಿ ವಿನೋದದ ಸಾಮಗ್ರಿಯೆಂದು ಪಟ್ಟಿಮಾಡಿ ಬಿಡುವುದುಂಟು. ಆದರೆ ಪ್ರತಿಯೊಂದು ಪದವೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಅಗಲಿಕೆಯ ಕರ್ತೃ ಯಾರು? ನಿರಾಕೃತ ವ್ಯಕ್ತಿ ವಾಕ್ಯದಲ್ಲಿ ಯಾವ ಸ್ಥಾನ ಪಡೆಯುತ್ತಾನೆ ಅಥವಾ ಪಡೆಯುತ್ತಾಳೆ? ಅವಮಾನವು ಯಾರ ಪಾಲಿಗೆ ಸೇರುತ್ತದೆ? ಈ ಮೂರನ್ನು ಆಧರಿಸಿ ಇಂಗ್ಲಿಷಿನ ಕೆಲವು ಮುಖ್ಯ ಪದಗಳನ್ನು ಪರಿಶೀಲಿಸಿ, ಅವುಗಳನ್ನು ಕನ್ನಡಕ್ಕೆ ತರುವಾಗ ಎದುರಾಗುವ ಅರ್ಥವ್ಯತ್ಯಾಸವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವಾಗ್ದಾನದ ಕಾಲ

ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಪ್ರೇಮದಲ್ಲಿ ಸೋತವರ ಚಿಹ್ನೆ ವಿಲೋ ಮರ. ಅದರ ಕೊಂಬೆಗಳು ಶೋಕದ ಸಂಕೇತವಾಗಿದ್ದವು. 'ವಿಲೋ ತೊಡುವುದು' ಎಂದರೆ ಪ್ರೇಮವನ್ನು ಕಳೆದುಕೊಂಡು ದುಃಖಿಸುವುದು. ಶೇಕ್ಸ್‌ಪಿಯರನ 'ಒಥೆಲೊ' ನಾಟಕದಲ್ಲಿ ಡೆಸ್ಡಿಮೋನ ಸಾಯುವ ಮುನ್ನ ಹಾಡುವುದು ವಿಲೋ ಹಾಡನ್ನೇ. 'ಮಚ್ ಅಡೂ ಎಬೌಟ್ ನಥಿಂಗ್' ನಾಟಕದಲ್ಲಿ ಅದೇ ವಿಲೋ ಮಾಲೆಯು ಕ್ಲಾಡಿಯೊನನ್ನು ಗೇಲಿಮಾಡುವ ಸಾಧನವಾಗುತ್ತದೆ. ಗಂಭೀರ ದುಃಖದ ಚಿಹ್ನೆಯೊಂದು ಹಾಸ್ಯಕ್ಕೂ ಒದಗುವ ಈ ದ್ವಂದ್ವವು ಮುಂದಿನ ಎಲ್ಲ ಸ್ಲ್ಯಾಂಗ್ ಪದಗಳ ಲಕ್ಷಣವಾಗಿದೆ. ಈ ನುಡಿಗಟ್ಟಿನಲ್ಲಿ ತೊರೆದವರ ಪ್ರಸ್ತಾಪವಿಲ್ಲ, ದುಃಖಿಸುವವರೇ ಕರ್ತೃಸ್ಥಾನದಲ್ಲಿದ್ದಾರೆ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ 'ಜಿಲ್ಟ್' ಎಂಬ ಪದವು ಈ ಸ್ಥಿತಿಯನ್ನು ಬದಲಿಸಿತು. ಇದು 'ಜಿಲ್' ಎಂಬ ಸಾಮಾನ್ಯ ಹೆಣ್ಣು ಹೆಸರಿನ ಅಲ್ಪಾರ್ಥಕ ರೂಪದಿಂದ ಬಂದಿರಬೇಕೆಂದು ಊಹಿಸಲಾಗಿದೆ. ಮೊದಲಿಗೆ ಇದು ಕ್ರಿಯಾಪದಕ್ಕಿಂತ ಮಿಗಿಲಾಗಿ ಬೈಗುಳ: ಆಸೆ ತೋರಿಸಿ ಮೋಸಮಾಡುವ ಹೆಣ್ಣು ಎಂದು ಅರ್ಥ. ಅಂದರೆ ತೊರೆಯುವ ಕ್ರಿಯೆಗಿಂತ ತೊರೆದವಳ ಚಾರಿತ್ರ್ಯವೇ ಪದದ ಕೇಂದ್ರದಲ್ಲಿತ್ತು. ಗಂಡು ತೊರೆದರೆ ಅದು ಅವನ ಒಂದು ನಡತೆ. ಹೆಣ್ಣು ತೊರೆದರೆ ಅದು ಅವಳ ಜಾತಿಗುಣ ಎಂಬ ನಿಲುವು ಇದರಲ್ಲಿ ಅಡಗಿದೆ. ಕ್ರಿಯಾಪದವಾಗಿ ನೆಲೆನಿಂತ ಮೇಲೆ ಇದು ಲಿಂಗಭೇದವನ್ನು ಮೀರಿತು. ಹತ್ತೊಂಬತ್ತನೆಯ ಶತಮಾನಕ್ಕೆ ಬರುವಾಗ 'ಜಿಲ್ಟ್' ಆದವರ ಪ್ರಸಿದ್ಧ ಪ್ರತಿಮೆ ಒಬ್ಬ ಹೆಣ್ಣಿನದು: ಡಿಕೆನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' (1860-61) ಕಾದಂಬರಿಯ ಮಿಸ್ ಹ್ಯಾವಿಷಮ್. ಮದುವೆಯ ದಿನ ವರನ ಕಾಗದ ಕೈಸೇರಿದ ಗಳಿಗೆಗೇ ಆಕೆ ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿಬಿಡುತ್ತಾಳೆ.

'ಜಿಲ್ಟ್' ಎಂಬುದರ ಹಿಂದೆ ವಾಗ್ದಾನವೊಂದು ಇರಲೇಬೇಕು. ಕೊಟ್ಟ ಮಾತು ಇಲ್ಲದ ಕಡೆ ಈ ಪದ ಸಲ್ಲುವುದಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಮಾತಿಗೆ ಕಾನೂನಿನ ಬಲವೂ ಇದ್ದಿತು. ವಿವಾಹದ ವಾಗ್ದಾನಭಂಗಕ್ಕಾಗಿ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದಾಗಿತ್ತು. ಕೇಳಿದವರಲ್ಲಿ ಹೆಂಗಸರೇ ಹೆಚ್ಚು. ಡಿಕೆನ್ಸನ 'ಪಿಕ್‌ವಿಕ್ ಪೇಪರ್ಸ್' (1836-37) ಕೃತಿಯಲ್ಲಿ ಶ್ರೀಮತಿ ಬಾರ್ಡೆಲ್ ಹೂಡುವ ದಾವೆ ಇಂಥದೇ. ಅಲ್ಲಿ ತೀರ್ಪುಗಾರರು 750 ಪೌಂಡುಗಳ ಪರಿಹಾರ ವಿಧಿಸುತ್ತಾರೆ. ಅಮೆರಿಕದಲ್ಲಿ ಈ ಬಗೆಯ ಪರಿಹಾರವನ್ನು 'ಹಾರ್ಟ್ ಬಾಮ್', ಎಂದರೆ ಎದೆಗೆ ಹಚ್ಚುವ ಮುಲಾಮು, ಎಂದು ಪತ್ರಿಕೆಗಳು ಹಾಸ್ಯಮಾಡಿದವು. 1935ರಲ್ಲಿ ಇಂಡಿಯಾನಾ ರಾಜ್ಯವು ಇಂಥ ದಾವೆಗಳನ್ನು ರದ್ದುಪಡಿಸಿತು. ಅನಂತರ ಹಲವು ರಾಜ್ಯಗಳು ಅದನ್ನು ಅನುಸರಿಸಿದವು. ಇಂಗ್ಲೆಂಡಿನಲ್ಲಿ ಈ ಹಕ್ಕು 1970ರ ಶಾಸನದಿಂದ ಕೊನೆಗೊಂಡಿತು.

ಇದೇ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪ್ರಚುರವಾಗಿದ್ದ ಇನ್ನೊಂದು ನುಡಿಗಟ್ಟು 'ಮಿಟನ್ ಕೊಡುವುದು'. ಮಿಟನ್ ಎಂದರೆ ಬೆರಳುಗಳಿಗೆ ಬೇರೆಬೇರೆ ಜಾಗವಿಲ್ಲದ ಉಣ್ಣೆಯ ಕೈಗವುಸು. ಹುಡುಗಿಯೊಬ್ಬಳು ವಿವಾಹ ಪ್ರಸ್ತಾಪವನ್ನು ತಿರಸ್ಕರಿಸಿದರೆ ಆಕೆ ಅವನಿಗೆ ಮಿಟನ್ ಕೊಟ್ಟಳೆಂದು ಹೇಳುತ್ತಿದ್ದರು. ಕೈಯನ್ನು ಕೇಳಿದವನಿಗೆ ಬರಿಯ ಕೈಗವುಸು ಸಿಕ್ಕಿತೆಂಬುದು ಇದಕ್ಕೆ ಜನ ಕೊಡುತ್ತಿದ್ದ ವಿವರಣೆ. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ಖಚಿತವಲ್ಲವಾದರೂ, ಭಾಷಿಕರು ತಮ್ಮ ನುಡಿಗಟ್ಟನ್ನು ಹೀಗೆ ಅರ್ಥಮಾಡಿಕೊಂಡರೆಂಬುದು ಗಮನಾರ್ಹ. ಇಲ್ಲಿ ತಿರಸ್ಕೃತನು ಸಂಪ್ರದಾನ ಸ್ಥಾನದಲ್ಲಿದ್ದಾನೆ. ಅವನಿಗೆ ಏನೋ ಒಂದು ಸಿಕ್ಕಿದೆ, ಕೇಳಿದ್ದು ಮಾತ್ರ ಸಿಕ್ಕಿಲ್ಲ.

3. ಕೆಲಸ, ಕಣ, ಕಸ

ಕೈಗಾರಿಕಾ ಸಮಾಜ ಬಲಗೊಂಡಂತೆ ಪ್ರೇಮಭಂಗದ ಪದಗಳು ಮೂರು ಕ್ಷೇತ್ರಗಳಿಂದ ಎರವಲಾಗಿ ಬಂದವು.

ಮೊದಲನೆಯದು ಉದ್ಯೋಗ. ಕೆಲಸದಿಂದ ತೆಗೆದುಹಾಕುವುದನ್ನು ಹೇಳುವ 'ವಾಕಿಂಗ್ ಪೇಪರ್ಸ್', 'ಬೂಟ್', 'ಪುಷ್', ಸೈನ್ಯದಿಂದ ಬಂದ 'ಮಾರ್ಚಿಂಗ್ ಆರ್ಡರ್ಸ್' ಮುಂತಾದ ಮಾತುಗಳು ಪ್ರೇಮಿಯನ್ನು ಕಳಿಸಿಬಿಡುವುದಕ್ಕೂ ಬಳಕೆಯಾದವು. ಬ್ರಿಟಿಷ್ ಆಡುಮಾತಿನ 'ಎಲ್ಬೋ ಕೊಡುವುದು', ಎಂದರೆ ಮೊಣಕೈಯಿಂದ ಪಕ್ಕಕ್ಕೆ ನೂಕುವುದು, ಇದೇ ಬಗೆಯದು. ಈ ಗುಂಪಿನಲ್ಲಿ ತೊರೆಯುವವರು ಯಜಮಾನರು, ತೊರೆಯಲ್ಪಟ್ಟವರು ನೌಕರರು. ಪ್ರೇಮಸಂಬಂಧವು ಯಾವಾಗ ಬೇಕಾದರೂ ಕೊನೆಗೊಳಿಸಬಹುದಾದ ಸೇವಾಕರಾರಿನಂತೆ ಕಾಣುತ್ತದೆ. ಆದರೂ ಇಲ್ಲಿ ಒಂದು ಔಪಚಾರಿಕತೆಯಿದೆ; ಕಳಿಸುವವರು ಕಳಿಸಿದ್ದನ್ನು ತಿಳಿಸುತ್ತಾರೆ.

ಎರಡನೆಯದು ಆಟದ ಕಣ ಮತ್ತು ಯುದ್ಧಭೂಮಿ. ಬೇಸ್‌ಬಾಲ್ ಆಟದಲ್ಲಿ ಮೂರು ಸ್ಟ್ರೈಕುಗಳಾಗಿ ಆಟಗಾರ ಹೊರನಡೆಯುವುದು 'ಸ್ಟ್ರೈಕ್ ಔಟ್'. ಹುಡುಗಿಯ ಪರಿಚಯ ಬಯಸಿ ವಿಫಲನಾದವನೂ ಸ್ಟ್ರೈಕ್ ಔಟ್ ಆಗುತ್ತಾನೆ. ಗುಂಡಿಗೆ ಸಿಕ್ಕಿ ನೆಲಕ್ಕುರುಳುವ ವಿಮಾನದಂತೆ ಪ್ರಸ್ತಾಪವೊಂದು 'ಶಾಟ್ ಡೌನ್' ಆಗುತ್ತದೆ. ಪುಟಿದೇಳುವ ಚೆಂಡಿನಿಂದ ಬಂದ 'ರಿಬೌಂಡ್' ಎಂಬುದು ಒಂದು ಪ್ರೇಮ ಮುರಿದ ಕೂಡಲೇ ಇನ್ನೊಂದಕ್ಕೆ ವಾಲುವ ಮನಃಸ್ಥಿತಿಗೆ ಹೆಸರಾಯಿತು. ಈ ಗುಂಪಿನ ಮಾತುಗಳನ್ನು ಹೆಚ್ಚಾಗಿ ಸೋತವರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಆಟದಲ್ಲಿ ಸೋಲು ಸಹಜ, ನಾಳೆ ಮತ್ತೊಂದು ಆಟವಿದೆ ಎಂಬ ಸಮಾಧಾನ ಅವುಗಳಲ್ಲಿದೆ. ಅದೇ ವೇಳೆಗೆ ಹೆಣ್ಣಿನ ಸಮ್ಮತಿಯು ಗಂಡಿನ ಅಂಕಪಟ್ಟಿಯ ವಿಷಯವಾಗಿಬಿಡುವ ಅಪಾಯವೂ ಅಲ್ಲಿಯೇ ಇದೆ.

ಮೂರನೆಯದು ವಸ್ತುವಿಸರ್ಜನೆ. 'ಡ್ರಾಪ್', 'ಡಿಚ್', 'ಚಕ್', 'ಡಂಪ್' ಎಂಬ ಕ್ರಿಯಾಪದಗಳು ಕ್ರಮವಾಗಿ ಕೈಯಿಂದ ಬೀಳಿಸು, ಹಳ್ಳಕ್ಕೆ ತಳ್ಳು, ಎಸೆ, ರಾಶಿಹಾಕಿ ಸುರಿ ಎಂಬ ಮೂಲಾರ್ಥದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇವುಗಳಲ್ಲಿ 'ಡಂಪ್' ಅತ್ಯಂತ ವ್ಯಾಪಕವಾಯಿತು. ಇದು ಸ್ಪಷ್ಟವಾದ ಸಕರ್ಮಕ ಧಾತು. ತೊರೆಯುವವರು ಕರ್ತೃ, ತೊರೆಯಲ್ಪಟ್ಟವರು ಕರ್ಮ, ಅದೂ ಅಚೇತನ ಕರ್ಮ. 'ಎಂಪ್ಲಾಯರ್', 'ಎಂಪ್ಲಾಯೀ' ಎಂಬ ಜೋಡಿಯ ಮಾದರಿಯಲ್ಲಿ 'ಡಂಪರ್', 'ಡಂಪೀ' ಎಂಬ ಜೋಡಿಯೂ ಹುಟ್ಟಿಕೊಂಡಿತು. ಲೇಕಾಫ್ ಮತ್ತು ಜಾನ್ಸನ್ 1980ರ ತಮ್ಮ ಕೃತಿಯಲ್ಲಿ ಪ್ರೇಮವನ್ನು ಪಯಣವಾಗಿ ಗ್ರಹಿಸುವ ರೂಪಕವು ಇಂಗ್ಲಿಷ್ ಮಾತಿನಲ್ಲಿ ಹೇಗೆ ಹಾಸುಹೊಕ್ಕಾಗಿದೆ ಎಂಬುದನ್ನು ತೋರಿಸಿದ್ದಾರೆ. ಆ ರೂಪಕದಲ್ಲಿ ಇಬ್ಬರೂ ಪಯಣಿಗರು. 'ಡಂಪ್' ಎನ್ನುವ ಗಳಿಗೆಯಲ್ಲಿ ಒಬ್ಬರು ಪಯಣಿಗರಾಗಿ ಉಳಿದು, ಇನ್ನೊಬ್ಬರು ಹೊರೆಯಾಗಿಬಿಡುತ್ತಾರೆ.

ಇದಕ್ಕೆ ಎದುರಾಗಿ ನಿಂತದ್ದು 'ಬ್ರೇಕ್ ಅಪ್'. 'ಅವರು ಬ್ರೇಕ್ ಅಪ್ ಆದರು' ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ಇಬ್ಬರೂ ಕರ್ತೃಗಳು, ತಪ್ಪಿತಸ್ಥರು ಯಾರೂ ಇಲ್ಲ. ಒಬ್ಬರನ್ನೇ ಕರ್ತೃವಾಗಿಸಿದಾಗಲೂ ಇನ್ನೊಬ್ಬರ ಹೆಸರಿನ ಹಿಂದೆ ಸಹಾರ್ಥದ 'ವಿತ್' ಬಂದು ನಿಲ್ಲುತ್ತದೆ. ಅಗಲಿಕೆಯನ್ನು ಒಬ್ಬರೇ ನಿರ್ಧರಿಸಿದ್ದರೂ ವ್ಯಾಕರಣವು ಇನ್ನೊಬ್ಬರನ್ನು ಜೊತೆಗಾರರನ್ನಾಗಿ ತೋರಿಸುತ್ತದೆ. ನಟಿ ಗ್ವಿನೆತ್ ಪಾಲ್ಟ್ರೊ 2014ರಲ್ಲಿ ತಮ್ಮ ದಾಂಪತ್ಯವು ಕೊನೆಗೊಂಡುದನ್ನು ಪ್ರಕಟಿಸುವಾಗ ಬಳಸಿದ 'ಕಾನ್ಷಸ್ ಅನ್‌ಕಪ್ಲಿಂಗ್', ಎಂದರೆ ಪ್ರಜ್ಞಾಪೂರ್ವಕ ವಿಯೋಜನೆ, ಎಂಬ ಪದಪುಂಜವು ಈ ಪ್ರವೃತ್ತಿಯ ತುತ್ತತುದಿ. ಅದು ವ್ಯಾಪಕ ಗೇಲಿಗೆ ಗುರಿಯಾದುದೂ ಅರ್ಥಪೂರ್ಣವೇ. ನೋವನ್ನು ಪೂರ್ತಿಯಾಗಿ ಅಳಿಸಿದ ಮಾತನ್ನು ಆಡುನುಡಿ ನಂಬಲಿಲ್ಲ.

4. ಕಾಗದದಿಂದ ಮೌನಕ್ಕೆ

ಪ್ರೇಮಭಂಗದ ಸ್ಲ್ಯಾಂಗು ಸಂಪರ್ಕಸಾಧನಗಳ ಚರಿತ್ರೆಯೂ ಹೌದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ ಸೈನಿಕರಲ್ಲಿ 'ಡಿಯರ್ ಜಾನ್' ಪತ್ರ ಎಂಬ ಮಾತು ಹುಟ್ಟಿತು. ಮನೆಯಲ್ಲಿರುವ ಪ್ರೇಯಸಿ ಅಥವಾ ಪತ್ನಿ ತಾನು ಇನ್ನೊಬ್ಬನನ್ನು ಮೆಚ್ಚಿರುವುದಾಗಿಯೋ ಸಂಬಂಧವನ್ನು ಮುಗಿಸುತ್ತಿರುವುದಾಗಿಯೋ ತಿಳಿಸುವ ಪತ್ರವದು. ಜಾನ್ ಎಂಬುದು ಯಾರಿಗೂ ಇರಬಹುದಾದ ಸರ್ವಸಾಮಾನ್ಯ ಹೆಸರು. ಪ್ರೀತಿಯ ಸಂಬೋಧನೆಯ ಬದಲು ಒಣ ಸಂಬೋಧನೆಯೊಂದು ಮೊದಲ ಸಾಲಿನಲ್ಲಿ ಕಂಡರೆ ಉಳಿದುದನ್ನು ಓದುವ ಅಗತ್ಯವೇ ಇರುತ್ತಿರಲಿಲ್ಲ. ಊರಿನಲ್ಲಿ ಉಳಿದು ಸೈನಿಕನ ಪ್ರೇಯಸಿಯನ್ನು ಒಲಿಸಿಕೊಳ್ಳುವ ಕಲ್ಪಿತ ಪುರುಷನಿಗೆ 'ಜೋಡಿ' ಎಂಬ ಹೆಸರಿತ್ತು. ಆಫ್ರಿಕನ್ ಅಮೆರಿಕನ್ ಜನಪದದಿಂದ ಬಂದ ಈ ಪಾತ್ರವು ಸೈನಿಕರ ನಡಿಗೆಯ ಹಾಡುಗಳಲ್ಲಿ ಸ್ಥಿರವಾಗಿ ನೆಲೆಸಿತು. ಕೊರಿಯಾ ಯುದ್ಧದ ಕಾಲದಲ್ಲಿ, 1953ರಲ್ಲಿ, ಜೀನ್ ಶೆಪರ್ಡ್ ಮತ್ತು ಫರ್ಲಿನ್ ಹಸ್ಕಿ ಅವರ ಗೀತೆಯೊಂದು ಈ ಪತ್ರವನ್ನೇ ವಸ್ತುವಾಗಿಸಿಕೊಂಡು ಜನಪ್ರಿಯವಾಯಿತು.

'ಡಿಯರ್ ಜಾನ್' ಎಂಬ ಹೆಸರಿನಲ್ಲಿ ಕ್ರೌರ್ಯವಿದೆ, ಆದರೆ ಅದರೊಳಗೆ ಒಂದು ಕಾಗದವೂ ಇದೆ. ಬರೆದವಳು ಕುಳಿತು, ಕಾರಣ ಹೇಳಿ, ಸಹಿ ಮಾಡಿದ್ದಾಳೆ. ಓದಿದವನಿಗೆ ಹಿಡಿಯಲು, ಹರಿಯಲು ಏನೋ ಒಂದು ಇದೆ. ಹೆಸರು ಸರ್ವಸಾಮಾನ್ಯವಾದುದರಿಂದ ಒಬ್ಬನ ದುಃಖವು ಇಡೀ ತುಕಡಿಯ ದುಃಖವಾಗುತ್ತದೆ. ಆ ಬಳಿಕ ಕಾಗದ ಕಿರಿದಾಗುತ್ತ ಬಂದಿತು. 'ಸೆಕ್ಸ್ ಅಂಡ್ ದ ಸಿಟಿ' ಧಾರಾವಾಹಿಯ 2003ರ ಕಂತೊಂದರಲ್ಲಿ ನಾಯಕಿಯ ಗೆಳೆಯ ಅಂಟುಚೀಟಿಯೊಂದರಲ್ಲಿ ಒಂದೆರಡು ಮಾತು ಗೀಚಿಟ್ಟು ಹೋಗುತ್ತಾನೆ. ಅದು ಅಂದು ಹಾಸ್ಯವೂ ಆಘಾತವೂ ಆಗಿತ್ತು. ಮೊಬೈಲ್ ಸಂದೇಶದ ಕಾಲದಲ್ಲಿ ಅಷ್ಟು ಬರೆಯುವುದೂ ಸೌಜನ್ಯವೆನಿಸುವ ಸ್ಥಿತಿ ಬಂದಿತು.

ಈ ಹಂತದಲ್ಲಿ ಬಂದದ್ದು 'ಘೋಸ್ಟಿಂಗ್'. ಯಾವ ವಿವರಣೆಯನ್ನೂ ಕೊಡದೆ ಕರೆ, ಸಂದೇಶಗಳಿಗೆಲ್ಲ ಉತ್ತರ ನಿಲ್ಲಿಸಿ ಸಂಬಂಧದಿಂದ ಮಾಯವಾಗುವುದು ಇದರ ಅರ್ಥ. 2015ರಲ್ಲಿ ಕಾಲಿನ್ಸ್ ನಿಘಂಟಿನವರು ಆ ವರ್ಷದ ಗಮನಾರ್ಹ ಪದಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. 2017ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು ದಾಖಲಿಸಿತು. 2012ರಲ್ಲಿ ಆರಂಭವಾದ ಟಿಂಡರ್‌ನಂಥ ವ್ಯವಸ್ಥೆಗಳ ಮೂಲಕ ಪರಿಚಿತರಾಗುವವರ ನಡುವೆ ಸಮಾನ ಗೆಳೆಯರಾಗಲಿ, ನೆರೆಹೊರೆಯಾಗಲಿ ಇರುವುದಿಲ್ಲ. ಮಾಯವಾದವರನ್ನು ಕಾರಣ ಕೇಳುವ ಮೂರನೆಯವರು ಯಾರೂ ಇಲ್ಲ. ಹೀಗಾಗಿ ಮೌನವೇ ಸುಲಭದ ದಾರಿಯಾಯಿತು.

ವ್ಯಾಕರಣದ ದೃಷ್ಟಿಯಿಂದ ಈ ಪದ ವಿಶಿಷ್ಟವಾದುದು. ಇಲ್ಲಿ ಮಾಯವಾದವರು ಭೂತ. ಆದರೆ ಕ್ರಿಯಾಪದ ಸಕರ್ಮಕ. ಏನನ್ನೂ ಮಾಡದಿರುವುದು ಇನ್ನೊಬ್ಬರ ಮೇಲೆ ಮಾಡಿದ ಕ್ರಿಯೆಯೆಂದು ಭಾಷೆ ಘೋಷಿಸುತ್ತದೆ. ಇನ್ನೂ ಒಂದು ಸಂದಿಗ್ಧತೆ ಇದರಲ್ಲಿದೆ. ಮಾತನಾಡಿದರೂ ಕೇಳಿಸದ, ಎದುರಿಗಿದ್ದರೂ ಕಾಣಿಸದ ಸ್ಥಿತಿ ಭೂತದ್ದೇ ಆಗಿದ್ದರೆ, ಉತ್ತರವಿಲ್ಲದೆ ಸಂದೇಶ ಕಳಿಸುತ್ತಲೇ ಇರುವವರು ಆ ಸ್ಥಿತಿಗೆ ಹೆಚ್ಚು ಹತ್ತಿರದವರು. ತೊರೆದವರನ್ನು ಹೆಸರಿಸಲು ಹುಟ್ಟಿದ ಪದವು ತೊರೆಯಲ್ಪಟ್ಟವರ ಅನುಭವವನ್ನೂ ಹಿಡಿದಿಟ್ಟಿರುವುದು ಅದರ ಬಲಕ್ಕೆ ಒಂದು ಕಾರಣ.

ಇದರ ಬೆನ್ನಿಗೇ ಪದಗಳ ಸಂತತಿ ಬೆಳೆಯಿತು. ಸಂಬಂಧ ಬೆಳೆಸುವ ಉದ್ದೇಶವಿಲ್ಲದೆ ಆಗೀಗ ಒಂದು ಸಂದೇಶ ಎಸೆಯುವುದು 'ಬ್ರೆಡ್‌ಕ್ರಂಬಿಂಗ್', ರೊಟ್ಟಿಯ ಚೂರು ಉದುರಿಸುವುದು. ಬದಲಿ ಆಟಗಾರನಂತೆ ಕಾಯಿಸಿಡುವುದು 'ಬೆಂಚಿಂಗ್'. ಮಾಯವಾದವರು ತಿಂಗಳುಗಳ ನಂತರ ಏನೂ ಆಗದವರಂತೆ ಮರಳುವುದು 'ಜೋಂಬಿಯಿಂಗ್'. ಮಾತು ನಿಲ್ಲಿಸಿಯೂ ಜಾಲತಾಣದಲ್ಲಿ ಸುತ್ತುತ್ತಲೇ ಇರುವುದು 'ಆರ್ಬಿಟಿಂಗ್'. ಇವುಗಳಲ್ಲಿ ಯಾವುದಕ್ಕೂ ವಾಗ್ದಾನದ ಹಿನ್ನೆಲೆಯಿಲ್ಲ. 'ಜಿಲ್ಟ್' ಆಗಲು ನಿಶ್ಚಿತಾರ್ಥ ಬೇಕಿತ್ತು, 'ಡಂಪ್' ಆಗಲು ಸಂಬಂಧ ಸಾಕಾಯಿತು, 'ಘೋಸ್ಟ್' ಆಗಲು ಕೆಲವು ದಿನಗಳ ಸಂದೇಶ ವಿನಿಮಯ ಸಾಕು. ಕಳೆದುಕೊಂಡದ್ದು ತೆಳುವಾದಂತೆ ಪದಗಳು ಸೂಕ್ಷ್ಮವಾಗಿವೆ. ಮೊದಲು ವಾಗ್ದಾನಕ್ಕೆ ಸಾಕ್ಷಿಗಳಿದ್ದರು, ನ್ಯಾಯಾಲಯವಿತ್ತು. ಈಗ ಏನು ನಡೆಯಿತೆಂಬುದನ್ನೇ ಖಚಿತವಾಗಿ ಹೇಳಲಾಗದ ಕಡೆ, ಹೆಸರು ಸಿಗುವುದೇ ಒಂದು ಪರಿಹಾರ. ಹೆಸರು ದೊರೆತ ಮೇಲೆ ನಿರಾಕೃತ ವ್ಯಕ್ತಿಯು ತನ್ನ ಕೊರತೆಯನ್ನು ಹುಡುಕುವುದನ್ನು ನಿಲ್ಲಿಸಿ, ಇದು ಅನೇಕರಿಗೆ ಆಗುವಂಥದು ಎಂದು ತಿಳಿಯಬಹುದು.

5. ಹೆಸರಿನ ಅನ್ಯಾಯ

ಆದರೆ ಹೆಸರಿಡುವುದು ಯಾವಾಗಲೂ ನ್ಯಾಯವಲ್ಲ. ಅಮೆರಿಕದ 'ಫ್ರೆಂಡ್ಸ್' ಧಾರಾವಾಹಿಯ 1994ರ ಕಂತೊಂದರಿಂದ ಪ್ರಸಿದ್ಧವಾದ 'ಫ್ರೆಂಡ್ ಜೋನ್' ಎಂಬ ಮಾತು ಇದಕ್ಕೆ ನಿದರ್ಶನ. ಪ್ರೇಮವನ್ನು ಬಯಸಿದವನಿಗೆ ಸ್ನೇಹ ಮಾತ್ರ ಸಿಕ್ಕ ಸ್ಥಿತಿಯನ್ನು ಇದು ಒಂದು ಪ್ರದೇಶವಾಗಿ, ಬಹುಮಟ್ಟಿಗೆ ಸೆರೆಯಾಗಿ ಚಿತ್ರಿಸುತ್ತದೆ. ಮುಂದೆ ಇದು ಸಕರ್ಮಕ ಕ್ರಿಯಾಪದವೂ ಆಗಿ, ಹುಡುಗಿ ಅವನನ್ನು ಅಲ್ಲಿಗೆ ತಳ್ಳಿದಳೆಂಬ ಅರ್ಥ ಪಡೆಯಿತು. ಸ್ನೇಹವೆಂಬುದು ಶಿಕ್ಷೆಯೆ? ಒಲ್ಲೆನೆನ್ನುವುದು ಅಪರಾಧವೆ? ಎಂಬ ಸ್ತ್ರೀವಾದಿ ಆಕ್ಷೇಪಗಳು ಇಲ್ಲಿ ಸಂಗತವಾಗಿವೆ. ಮೂರು ಶತಮಾನಗಳ ಹಿಂದೆ 'ಜಿಲ್ಟ್' ಎಂಬ ಬೈಗುಳ ಮಾಡಿದ ಕೆಲಸವನ್ನೇ ಇದು ಮೃದುವಾಗಿ ಮಾಡುತ್ತದೆ. ಹೆಣ್ಣಿನ ನಿರಾಕರಣೆಯನ್ನು ಗಂಡಿನ ಗಾಯವಾಗಿ ಪರಿವರ್ತಿಸುತ್ತದೆ.

'ಘೋಸ್ಟಿಂಗ್' ಬಗೆಗೂ ಇದೇ ಎಚ್ಚರ ಬೇಕು. ಪೀಡಿಸುವ, ಬೆದರಿಸುವ ವ್ಯಕ್ತಿಯಿಂದ ಹೇಳದೆ ದೂರವಾಗುವುದು ಆತ್ಮರಕ್ಷಣೆ. ಆ ಸಂದರ್ಭದಲ್ಲಿ ವಿವರಣೆ ಕೊಡಬೇಕೆಂಬ ಒತ್ತಾಯವೇ ಅಪಾಯಕಾರಿ. ಒಂದೇ ಪದವು ಉಡಾಫೆಯ ಮೌನವನ್ನೂ ಭಯದ ಮೌನವನ್ನೂ ಒಟ್ಟಿಗೆ ಆರೋಪಿಸುತ್ತದೆ. ಸ್ಲ್ಯಾಂಗು ದೂರುದಾರರ ಭಾಷೆ; ಎದುರು ಪಕ್ಷದ ವಾದವನ್ನು ಅದು ದಾಖಲಿಸುವುದಿಲ್ಲ.

6. ಕನ್ನಡದ ಸಂದರ್ಭ

ಈ ಪದಗಳನ್ನು ಕನ್ನಡಕ್ಕೆ ಅನುವಾದಿಸುವಾಗ ತಟ್ಟನೆ ನೆನಪಾಗುವುದು 'ಕೈಕೊಡು'. ಇಂಗ್ಲಿಷಿನಲ್ಲಿ ಹೆಣ್ಣು ಕೈ ಕೊಡುವುದು ವಿವಾಹಕ್ಕೆ ಒಪ್ಪುವುದಾದರೆ, ಕನ್ನಡದಲ್ಲಿ ಕೈಹಿಡಿಯುವುದು ವಿವಾಹ, ಕೈಕೊಡುವುದು ವಂಚನೆ. ಆದರೆ ಈ ಪದ ಪ್ರೇಮಕ್ಕೆ ಸೀಮಿತವಲ್ಲ. ಮಳೆ ಕೈಕೊಡುತ್ತದೆ, ಬೆಳೆ ಕೈಕೊಡುತ್ತದೆ, ನಡುದಾರಿಯಲ್ಲಿ ವಾಹನ ಕೈಕೊಡುತ್ತದೆ. ಎಲ್ಲೆಡೆಯೂ ಮೊದಲು ನೆಚ್ಚಿಕೆಯಿದ್ದು ಅದು ಹುಸಿಯಾಗಿರಬೇಕು. ಆದ್ದರಿಂದ ಇದು 'ಜಿಲ್ಟ್' ಪದಕ್ಕೆ ಹತ್ತಿರ, 'ಡಂಪ್' ಪದಕ್ಕೆ ದೂರ. ವಿಭಕ್ತಿಯಲ್ಲಿಯೂ ವ್ಯತ್ಯಾಸವಿದೆ. 'ಅವಳು ಅವನಿಗೆ ಕೈಕೊಟ್ಟಳು' ಎಂಬಲ್ಲಿ ತೊರೆಯಲ್ಪಟ್ಟವನು ಚತುರ್ಥಿಯಲ್ಲಿದ್ದಾನೆ. ಅವನು ಎಸೆಯಲ್ಪಟ್ಟ ವಸ್ತುವಲ್ಲ, ನಂಬಿ ಕೆಟ್ಟ ಮನುಷ್ಯ. 'ಅವನನ್ನು ಡಿಚ್ ಮಾಡಿದಳು' ಎಂಬ ಇಂದಿನ ಪ್ರಯೋಗದಲ್ಲಿ ಅವನು ದ್ವಿತೀಯೆಗೆ ಸರಿದು ಕರ್ಮವಾಗುತ್ತಾನೆ. ಎರವಲು ಪದದೊಂದಿಗೆ ಸಂಬಂಧದ ಗ್ರಹಿಕೆಯೂ ಬದಲಾಗುವುದನ್ನು ಈ ವಿಭಕ್ತಿಪಲ್ಲಟ ತೋರಿಸುತ್ತದೆ.

'ಬ್ರೇಕಪ್' ಕನ್ನಡದಲ್ಲಿ ಬಹುಮಟ್ಟಿಗೆ 'ಆಗು' ಧಾತುವಿನೊಡನೆ ಕೂಡುತ್ತದೆ: 'ಅವರಿಬ್ಬರಿಗೂ ಬ್ರೇಕಪ್ ಆಯಿತು'. ಅಪಘಾತ ಆಯಿತು, ಗಾಯ ಆಯಿತು ಎಂಬಂತೆ ಇದು ಕರ್ತೃವಿಲ್ಲದ ಘಟನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಹಂಚಿಹೋಗಿದ್ದ ಕರ್ತೃತ್ವ ಇಲ್ಲಿ ಯಾರಿಗೂ ಉಳಿಯುವುದಿಲ್ಲ. ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿರುವ 'ಲವ್ ಫೇಲ್ಯೂರ್' ಎಂಬುದು ಪರೀಕ್ಷೆಯ ರೂಪಕ. ಅದನ್ನು ಹೇಳಿಕೊಳ್ಳುವವರು ತಮ್ಮನ್ನೇ ಅನುತ್ತೀರ್ಣರೆಂದು ಭಾವಿಸಿಕೊಳ್ಳುವ ಅಪಾಯ ಅದರಲ್ಲಿದೆ. ಹದಿಹರೆಯದವರ ಬಾಯಲ್ಲಿ ಈ ಪದ ಕೇಳುವ ಅಧ್ಯಾಪಕರಿಗೆ ಇದು ಕೇವಲ ಭಾಷಿಕ ಕುತೂಹಲದ ವಿಷಯವಾಗಲಾರದು. ಇನ್ನು 'ಘೋಸ್ಟಿಂಗ್' ಪದಕ್ಕೆ ಕಣ್ಮರೆಯಾಗು, ಮಾಯವಾಗು ಎಂಬ ಅಕರ್ಮಕ ಧಾತುಗಳಷ್ಟೇ ಲಭ್ಯ. ಯಾರ ಪಾಲಿಗೆ ಕಣ್ಮರೆಯಾದರು ಎಂಬುದನ್ನು ಬೇರೆಯಾಗಿ ಹೇಳಬೇಕು. 'ಘೋಸ್ಟ್ ಮಾಡು' ಎಂಬ ಮಿಶ್ರರೂಪ ಯುವಜನರ ಮಾತಿನಲ್ಲಿ ಬರಲು ಈ ಸಕರ್ಮಕತೆಯ ಕೊರತೆಯೇ ಕಾರಣವಾಗಿರಬೇಕು. ಸಂಕೇತಸ್ಥಳದಲ್ಲಿ ಕಾಯುವ ವಿಪ್ರಲಬ್ಧೆಯು ಇದಕ್ಕೆ ಸಮೀಪದ ಶಿಷ್ಟ ಪರಿಕಲ್ಪನೆ. ಆದರೆ ಆ ಹೆಸರು ಕಾಯುವವಳದು. ಬಾರದವನ ನಡತೆಗೆ ಅಷ್ಟನಾಯಿಕೆಯರ ಪಟ್ಟಿಯಲ್ಲಿ ಹೆಸರಿಲ್ಲ.

7. ಉಪಸಂಹಾರ

ಈ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲಿಷಿನ ಪ್ರೇಮಭಂಗದ ಸ್ಲ್ಯಾಂಗು ವಾಗ್ದಾನಭಂಗದಿಂದ ವಸ್ತುವಿಸರ್ಜನೆಗೆ, ಅಲ್ಲಿಂದ ಮೌನಕ್ಕೆ ಸಾಗಿಬಂದಿದೆ. ಪದಗಳ ಆಯ್ಕೆಯು ಅವಮಾನವನ್ನು ಕೆಲವೊಮ್ಮೆ ತೊರೆದವರಿಗೂ ಕೆಲವೊಮ್ಮೆ ತೊರೆಯಲ್ಪಟ್ಟವರಿಗೂ ಹಂಚುತ್ತದೆ. ಈ ಹಂಚಿಕೆಯಲ್ಲಿ ಹೆಣ್ಣಿಗೆ ಅನ್ಯಾಯವಾದ ನಿದರ್ಶನಗಳು ಕಡಿಮೆಯಿಲ್ಲ. ವಿವರಣೆ ದೊರೆಯದ ನೋವಿಗೆ ಹೆಸರು ಕೊಡುವುದು ಇಂದಿನ ಪದಗಳ ಮುಖ್ಯ ಕಾರ್ಯವಾಗಿದೆ.

ಅನುವಾದಕರಿಗೂ ನಿಘಂಟುಕಾರರಿಗೂ ಇದರಿಂದ ಒದಗುವ ಸೂಚನೆ ಸರಳವಾದುದು. 'ಜಿಲ್ಟ್', 'ಡಂಪ್', 'ಬ್ರೇಕ್ ಅಪ್', 'ಘೋಸ್ಟ್' ಈ ನಾಲ್ಕಕ್ಕೂ 'ಕೈಕೊಡು' ಎಂಬ ಒಂದೇ ಅರ್ಥ ಬರೆದರೆ ನಾಲ್ಕು ಬಗೆಯ ಅಗಲಿಕೆಗಳು ಒಂದಾಗಿಬಿಡುತ್ತವೆ. ಮಾತು ಕೊಟ್ಟು ತಪ್ಪಿದವರು, ಬೇಡವೆಂದು ಕಳಿಸಿದವರು, ಒಪ್ಪಿ ಬೇರೆಯಾದವರು, ಹೇಳದೆ ಹೋದವರು ಬೇರೆಬೇರೆ. ಕಾಯುತ್ತ ಉಳಿದವರಿಗೆ ಆ ವ್ಯತ್ಯಾಸ ಬಹಳ ಮುಖ್ಯವಾದುದು. ಅದನ್ನು ಉಳಿಸಿಕೊಡುವ ಹೊಣೆ ಭಾಷೆಯ ಅಧ್ಯಯನಕಾರರ ಮೇಲಿದೆ.